‘ಮ್ಯಾಗ್’ ಎಂದು ಶುರುವಾಗುವ ಹೆಸರುಗಳೆಲ್ಲ ನೆಂಟರೇ?

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ವಿಶ್ವಕೋಶವನ್ನು ಅಕ್ಷರ ಕ್ರಮದಲ್ಲಿ ಓದಿ ನೋಟ್ಸ್ ಮಾಡಿಕೊಳ್ಳುವುದು ನನ್ನ ಅಭ್ಯಾಸ. ‘ಮ್ಯಾಗ್’ ಹತ್ತಿರ ಬಂದಾಗ ತಲೆ ಕೆಟ್ಟುಹೋಯಿತು. ಮ್ಯಾಗ್ನೆಟ್, ಮ್ಯಾಗ್ನೀಸಿಯಂ, ಮ್ಯಾಂಗನೀಸ್, ಮ್ಯಾಗ್ಮಾ, ಮ್ಯಾಗ್ನಾ ಕಾರ್ಟಾ, ಮ್ಯಾಗ್ನಿಟ್ಯೂಡ್, ಮ್ಯಾಗ್ನೋಲಿಯಾ, ಮ್ಯಾಗೆಲನ್, ಮ್ಯಾಗ್ಡೆಬರ್ಗ್ ಎಲ್ಲ ಕಲಸಿಹೋಗುತ್ತವೆ. ಇವಕ್ಕೆ ಒಂದಕ್ಕೊಂದು ಸಂಬಂಧ ಇದೆಯೇ? ಮ್ಯಾಗ್ನೀಸಿಯಂ ಮತ್ತು ಮ್ಯಾಂಗನೀಸ್ ಅಂತೂ ಯಾವಾಗಲೂ ಅದಲು ಬದಲಾಗುತ್ತವೆ. ಅಕ್ಷರ ಕ್ರಮದಲ್ಲಿ ಓದುವುದೇ ತಪ್ಪಾ?

ಉತ್ತರ: ನಿಮ್ಮ ಪಟ್ಟಿಯಲ್ಲಿ ನೆಂಟರೂ ಇದ್ದಾರೆ, ಬರೀ ನೆರೆಮನೆಯವರೂ ಇದ್ದಾರೆ. ಮ್ಯಾಗ್ನೆಟ್, ಮ್ಯಾಗ್ನೀಸಿಯಂ, ಮ್ಯಾಂಗನೀಸ್ ಮೂರಕ್ಕೂ ಹೆಸರು ಬಂದದ್ದು ಒಂದೇ ಸೀಮೆಯಿಂದ. ಮ್ಯಾಗ್ನಾ ಕಾರ್ಟಾ ಮತ್ತು ಮ್ಯಾಗ್ನಿಟ್ಯೂಡ್ ಎರಡೂ ‘ದೊಡ್ಡದು’ ಎಂಬ ಲ್ಯಾಟಿನ್ ಪದದಿಂದ ಹುಟ್ಟಿದವು. ಮ್ಯಾಗ್ನೋಲಿಯಾ ಒಬ್ಬ ಸಸ್ಯವಿಜ್ಞಾನಿಯ ಹೆಸರು ಹೊತ್ತ ಗಿಡ. ಮ್ಯಾಗೆಲನ್ ಒಬ್ಬ ನಾವಿಕ. ಮ್ಯಾಗ್ಡೆಬರ್ಗ್ ಜರ್ಮನಿಯ ಒಂದು ಊರು. ಮ್ಯಾಗ್ಮಾ ಇವರಾರಿಗೂ ಸೇರಿದ್ದಲ್ಲ.

ಹೆಸರುಗಳ ಮಟ್ಟಿಗೆ ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಜಾಸ್ತಿ ಉಪಯೋಗವಿಲ್ಲ. ಹೆಸರು ಒಂದೇ ತರಹ ಇರುವುದು ಬೇರೆ, ವಸ್ತುಗಳ ನಡುವೆ ನಿಜವಾದ ನಂಟು ಇರುವುದು ಬೇರೆ. ನಿಮ್ಮ ಪಟ್ಟಿಯಲ್ಲಿ ಅಂಥ ನಂಟುಗಳೂ ಕೆಲವು ಇವೆ. ಅವು ಸಿಗುವುದು ಎಲೆಯೊಳಗೆ, ಸಮುದ್ರದ ತಳದಲ್ಲಿ, ದಕ್ಷಿಣದ ಆಕಾಶದಲ್ಲಿ. ಅವನ್ನು ಹಿಡಿದುಕೊಂಡರೆ ಹೆಸರುಗಳು ಕಲಸುವುದಿಲ್ಲ. ಒಂದೊಂದಾಗಿ ನೋಡೋಣ. ನಿಮಗೆ ತೊಂದರೆ ಕೊಡುವ ಜೋಡಿಗೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಗ್ರೀಸ್ ದೇಶದ ಥೆಸಲಿ ಪ್ರಾಂತ್ಯದಲ್ಲಿ ಮ್ಯಾಗ್ನೀಷಿಯಾ ಎಂಬ ಸೀಮೆ ಇದೆ. ಕಬ್ಬಿಣವನ್ನು ಎಳೆಯುವ ಒಂದು ಕಲ್ಲಿಗೆ ಹಳೆಯ ಗ್ರೀಕರು ‘ಮ್ಯಾಗ್ನೀಷಿಯಾದ ಕಲ್ಲು’ ಎಂದು ಹೆಸರಿಟ್ಟರು. ಮ್ಯಾಗ್ನೆಟ್ ಎಂಬ ಹೆಸರು ಬಂದದ್ದು ಅಲ್ಲಿಂದ. ನಾವು ಸೂಜಿಗಲ್ಲು, ಅಯಸ್ಕಾಂತ ಎನ್ನುತ್ತೇವಲ್ಲ, ಅದೇ. ಕಲ್ಲು ನಿಜಕ್ಕೂ ಕಬ್ಬಿಣದ ಅದಿರು, ಮ್ಯಾಗ್ನಟೈಟ್. ಮೂರು ಕಬ್ಬಿಣದ ಪರಮಾಣುವಿಗೆ ನಾಲ್ಕು ಆಮ್ಲಜನಕದ ಪರಮಾಣು. ಅದರ ಸೂತ್ರದಲ್ಲಿ ಮ್ಯಾಗ್ನೀಸಿಯಂಗೂ ಜಾಗವಿಲ್ಲ, ಮ್ಯಾಂಗನೀಸ್‌ಗೂ ಇಲ್ಲ. ಹೆಸರು ನೋಡಿ ಮೋಸಹೋಗುವ ಮೊದಲ ಜಾಗ ಇದು.

ಅದೇ ಮ್ಯಾಗ್ನೀಷಿಯಾ ಹೆಸರನ್ನು ಮುಂದೆ ಇನ್ನೆರಡು ಪುಡಿಗಳಿಗೂ ಹಚ್ಚಿದರು. ಒಂದು ಕಪ್ಪು, ಒಂದು ಬಿಳಿ. ಕಪ್ಪು ಮ್ಯಾಗ್ನೀಷಿಯಾ ಅಂದರೆ ಇವತ್ತಿನ ಮ್ಯಾಂಗನೀಸ್ ಡೈಆಕ್ಸೈಡ್. ಗಾಜು ಮಾಡುವವರಿಗೆ ಇದು ಬಹಳ ಹಿಂದಿನಿಂದ ಬೇಕಾದ ಪುಡಿ. ಮರಳಿನಲ್ಲಿ ಸ್ವಲ್ಪ ಕಬ್ಬಿಣ ಇದ್ದರೂ ಗಾಜಿಗೆ ಹಸಿರು ಛಾಯೆ ಬರುತ್ತದೆ. ಕರಗಿದ ಗಾಜಿಗೆ ಚಿಟಿಕೆ ಕಪ್ಪು ಪುಡಿ ಹಾಕಿದರೆ ಹಸಿರು ಹೋಗಿ ಗಾಜು ತಿಳಿಯಾಗುತ್ತದೆ. ಹೆಚ್ಚು ಬಿದ್ದರೆ ಗಾಜು ನೇರಳೆಗೆ ತಿರುಗುತ್ತದೆ. ಬಿಳಿ ಮ್ಯಾಗ್ನೀಷಿಯಾ ಅಂದರೆ ಮ್ಯಾಗ್ನೀಸಿಯಂ ಕಾರ್ಬೊನೇಟ್. ಅದು ಔಷಧಿಯವರ ಪುಡಿ. ಸುಣ್ಣವೇ ಇರಬೇಕು ಎಂದುಕೊಂಡಿದ್ದ ಕಾಲದಲ್ಲಿ, ಅದು ಬೇರೆಯದೇ ವಸ್ತು ಎಂದು ತೋರಿಸಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1750ರ ದಶಕದಲ್ಲಿ.

1774ರಲ್ಲಿ ಸ್ವೀಡನ್ನಿನ ಯೋಹಾನ್ ಗಾನ್ ಕಪ್ಪು ಪುಡಿಯನ್ನು ಇದ್ದಿಲಿನ ಜೊತೆ ಕಾಯಿಸಿ ಲೋಹ ತೆಗೆದರು. ಅದಕ್ಕೆ ಕೆಲವರು ಆಗ ‘ಮ್ಯಾಗ್ನೀಸಿಯಂ’ ಎಂದೇ ಹೆಸರಿಟ್ಟಿದ್ದರು! 1808ರಲ್ಲಿ ಹಂಫ್ರಿ ಡೇವಿ ಬಿಳಿ ಪುಡಿಯ ಕಡೆಯ ಲೋಹವನ್ನು ವಿದ್ಯುತ್ತಿನಿಂದ ಬಿಡಿಸಿದರು. ಮ್ಯಾಗ್ನೀಸಿಯಂ ಎಂಬ ಹೆಸರು ಆಗಲೇ ಇನ್ನೊಂದು ಲೋಹಕ್ಕೆ ಹೋಗಿಬಿಟ್ಟಿದೆ ಎಂದು ಅವರು ತಮ್ಮ ಲೋಹವನ್ನು ‘ಮ್ಯಾಗ್ನಿಯಂ’ ಎಂದು ಕರೆದರು. ಆ ಹೆಸರು ನಿಲ್ಲಲಿಲ್ಲ. ಕೊನೆಗೆ ಕಪ್ಪು ಪುಡಿಯ ಲೋಹ ಮ್ಯಾಂಗನೀಸ್ ಆಯಿತು, ಬಿಳಿಯದರ ಲೋಹ ಮ್ಯಾಗ್ನೀಸಿಯಂ ಆಯಿತು. ಹಾಗಾಗಿ ನಿಮ್ಮ ಗೊಂದಲ ನಿಮ್ಮೊಬ್ಬರದಲ್ಲ. ಇನ್ನೂರು ವರ್ಷದ ಹಿಂದೆ ರಸಾಯನ ವಿಜ್ಞಾನಿಗಳಿಗೇ ಇದನ್ನು ಬಗೆಹರಿಸಬೇಕಾಗಿ ಬಂದಿತ್ತು. (ಕನ್ನಡದಲ್ಲಿ ಮೆಗ್ನೀಸಿಯಂ, ಮೆಗ್ನೀಷಿಯಂ ಎಂದೂ ಬರೆಯುತ್ತಾರೆ. ಎಲ್ಲ ಒಂದೇ.)

ಈಗ ನೆನಪಿಗೆ ಒಂದು ಹಿಡಿ: ಬಿಳಿ ಅಂದರೆ ಮ್ಯಾಗ್ನೀಸಿಯಂ, ಕಪ್ಪು ಅಂದರೆ ಮ್ಯಾಂಗನೀಸ್. ಇದು ಸುಮ್ನೆ ಕಟ್ಟಿದ ಉಪಾಯವಲ್ಲ. ಎರಡರ ಸ್ವಭಾವಕ್ಕೂ ಇದು ಚೆನ್ನಾಗಿ ಹೊಂದುತ್ತದೆ.

ಮ್ಯಾಗ್ನೀಸಿಯಂ ಪರಮಾಣು ಸಂಖ್ಯೆ 12. ಬೆಳ್ಳಿಯ ಬಣ್ಣದ ಹಗುರ ಲೋಹ. ಒಂದು ಘನ ಸೆಂಟಿಮೀಟರಿಗೆ 1.74 ಗ್ರಾಂ ಮಾತ್ರ. ಅಲ್ಯೂಮಿನಿಯಂ 2.7 ಗ್ರಾಂ ಇರುತ್ತದೆ. ಅಂದರೆ ನಾವು ಹಗುರ ಎನ್ನುವ ಅಲ್ಯೂಮಿನಿಯಂಗಿಂತಲೂ ಇದು ಮೂರನೇ ಒಂದು ಭಾಗ ಹಗುರ. ಇದರ ತೆಳು ಪಟ್ಟಿಗೆ ಬೆಂಕಿ ಹಚ್ಚಿದರೆ ಕಣ್ಣು ಕುಕ್ಕುವ ಬಿಳಿ ಬೆಳಕು. ಹಿಂದೆ ಫೋಟೋ ತೆಗೆಯುವವರು ಫ್ಲ್ಯಾಶ್‌ಗೆ ಇದನ್ನೇ ಉರಿಸುತ್ತಿದ್ದರು. ಒಮ್ಮೆ ಹತ್ತಿಕೊಂಡರೆ ಆರಿಸುವುದು ಕಷ್ಟ. ಕಾರ್ಬನ್ ಡೈಆಕ್ಸೈಡ್ ತುಂಬಿದ ಜಾಡಿಗೆ ಇಳಿಸಿದರೂ ಉರಿಯುತ್ತಲೇ ಇರುತ್ತದೆ. ಆ ಅನಿಲದಲ್ಲಿರುವ ಆಮ್ಲಜನಕವನ್ನೇ ಕಿತ್ತುಕೊಂಡು, ಕಪ್ಪು ಇಂಗಾಲವನ್ನು ಹಿಂದೆ ಬಿಡುತ್ತದೆ. ನೀರು ಹಾಕಿದರೆ ಇನ್ನೂ ಅಪಾಯ. ನೀರಿನಿಂದ ಹೈಡ್ರೋಜನ್ ಹೊರಬಂದು ಅದೂ ಹತ್ತಿಕೊಳ್ಳುತ್ತದೆ. ಒಣ ಮರಳು ಸುರಿಯುವುದೇ ದಾರಿ.

ಮ್ಯಾಂಗನೀಸ್ ಪರಮಾಣು ಸಂಖ್ಯೆ 25. ಗಡುಸು, ಆದರೆ ಹೊಡೆದರೆ ಒಡೆಯುವ ಲೋಹ. ಒಂಟಿಯಾಗಿ ಇದನ್ನು ಕಾಣುವುದು ಕಡಿಮೆ, ಯಾವಾಗಲೂ ಉಕ್ಕಿನ ಜೊತೆಗೇ. ಉಕ್ಕಿನಲ್ಲಿ ಗಂಧಕ ಉಳಿದರೆ ಕಾಸಿ ಬಡಿಯುವಾಗ ಅದು ಬಿರುಕು ಬಿಡುತ್ತದೆ. ಮ್ಯಾಂಗನೀಸ್ ಹಾಕಿದರೆ ಅದು ಗಂಧಕವನ್ನು ಹಿಡಿದುಕೊಂಡು ಆ ತೊಂದರೆ ತಪ್ಪಿಸುತ್ತದೆ. 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಸುಮಾರು 12 ರಿಂದ 13 ಶೇಕಡಾ ಮ್ಯಾಂಗನೀಸ್ ಸೇರಿಸಿದ ಉಕ್ಕು ಮಾಡಿದರು. ಇದರ ಗುಣ ನೋಡಿ: ಬಡಿದಷ್ಟೂ ಮೇಲ್ಮೈ ಗಟ್ಟಿಯಾಗುತ್ತದೆ. ಅದಕ್ಕೇ ರೈಲು ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ, ಕಲ್ಲು ಪುಡಿಮಾಡುವ ಯಂತ್ರದ ದವಡೆಗಳಲ್ಲಿ ಈ ಉಕ್ಕನ್ನು ಹಾಕುತ್ತಾರೆ. ಸಾಮಾನ್ಯ ಸೆಲ್ ಒಡೆದರೆ ಕಾಣುವ ಕರಿ ಪುಡಿಯಲ್ಲೂ ಹಳೆಯ ಕಪ್ಪು ಮ್ಯಾಗ್ನೀಷಿಯಾ ಇರುತ್ತದೆ.

ಈ ಜೋಡಿಯ ಬಗ್ಗೆ ನನಗೆ ತುಂಬಾ ಇಷ್ಟವಾದ ಸಂಗತಿ ಈಗ ಹೇಳುತ್ತೇನೆ. ಎರಡೂ ಒಂದೇ ಹಸಿರು ಎಲೆಯೊಳಗೆ ಕೂತು ಬೇರೆ ಬೇರೆ ಕೆಲಸ ಮಾಡುತ್ತವೆ. ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್ ಅಣುವಿನ ನಟ್ಟನಡುವೆ ಇರುವುದು ಒಂದು ಮ್ಯಾಗ್ನೀಸಿಯಂ, ಸುತ್ತ ನಾಲ್ಕು ಸಾರಜನಕ. ಬೆಳಕು ಹಿಡಿಯುವುದು ಈ ಅಣು. ಹಿಡಿದ ಬೆಳಕಿನ ಬಲದಿಂದ ನೀರನ್ನು ಒಡೆದು ಆಮ್ಲಜನಕ ಬಿಡುವ ಜಾಗದಲ್ಲಿ ಇರುವುದು ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಸೇರಿದ ಚಿಕ್ಕ ಗೊಂಚಲು. ನಾವು ಉಸಿರಾಡುವ ಆಮ್ಲಜನಕ ಹೊರಬರುವುದು ಅಲ್ಲಿಂದಲೇ. ಬೆಳಕಿಗೆ ಮ್ಯಾಗ್ನೀಸಿಯಂ, ನೀರಿಗೆ ಮ್ಯಾಂಗನೀಸ್. ಇದೊಂದನ್ನು ಬರೆದಿಟ್ಟುಕೊಂಡರೂ ಸಾಕು.

ಗಿಡಕ್ಕೆ ಇವುಗಳಲ್ಲಿ ಯಾವುದು ಕಡಿಮೆಯಾಗಿದೆ ಎಂದು ಎಲೆ ನೋಡಿಯೇ ಗುರುತಿಸಬಹುದು. ಎರಡರ ಕೊರತೆಯಲ್ಲೂ ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಆದರೆ ಮ್ಯಾಗ್ನೀಸಿಯಂ ಗಿಡದೊಳಗೆ ಓಡಾಡಬಲ್ಲದು. ಕಡಿಮೆ ಬಿದ್ದಾಗ ಗಿಡ ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕಳಿಸುತ್ತದೆ. ಆದ್ದರಿಂದ ಮೊದಲು ಹಳದಿಯಾಗುವುದು ಕೆಳಗಿನ ಬಲಿತ ಎಲೆಗಳು. ಮ್ಯಾಂಗನೀಸ್ ಹಾಗೆ ಸುಲಭವಾಗಿ ಓಡಾಡುವುದಿಲ್ಲ. ಅದು ಕಡಿಮೆಯಾದರೆ ಮೊದಲು ಬಾಡುವ ಬಣ್ಣ ಮೇಲಿನ ಎಳೆ ಎಲೆಗಳದ್ದು. ಪರೀಕ್ಷೆಗೂ ಬರುತ್ತದೆ, ತೋಟಕ್ಕೂ ಬರುತ್ತದೆ.

ಮ್ಯಾಗ್ನೆಟ್‌ಗೆ ವಾಪಸ್ ಬರೋಣ. ಚೀನಾದ ಶೆನ್ ಕ್ವೊ 1088ರ ಹೊತ್ತಿಗೆ ದಿಕ್ಸೂಚಿಯ ಸೂಜಿಯ ಬಗ್ಗೆ ಬರೆದಿದ್ದರು. ಸೂಜಿ ಸರಿಯಾಗಿ ದಕ್ಷಿಣಕ್ಕೆ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು. ಆದರೆ ಸೂಜಿಯನ್ನು ತಿರುಗಿಸುವುದು ಯಾವುದು? ಧ್ರುವ ನಕ್ಷತ್ರ ಎಂದು ಕೆಲವರು, ಉತ್ತರದಲ್ಲಿರುವ ಕಾಂತದ ಬೆಟ್ಟ ಎಂದು ಕೆಲವರು. ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಊಹೆ ಬಿಟ್ಟು ಪ್ರಯೋಗಕ್ಕೆ ಕೈಹಾಕಿದರು. ಸೂಜಿಗಲ್ಲನ್ನೇ ಚೆಂಡಿನಂತೆ ಉರುಟಾಗಿ ಕಡೆಸಿದರು. ಅದರ ಮೇಲೆ ಒಂದೊಂದು ಜಾಗದಲ್ಲಿ ಪುಟ್ಟ ಸೂಜಿ ಇಟ್ಟು ನೋಡಿದರು. ನಡುವಿನಲ್ಲಿ ಸೂಜಿ ಮಟ್ಟಸವಾಗಿ ಮಲಗುತ್ತಿತ್ತು. ತುದಿಯ ಕಡೆಗೆ ಹೋದಂತೆ ಮೂತಿ ಕೆಳಗೆ ಮಾಡಿ, ಧ್ರುವದಲ್ಲಿ ನೆಟ್ಟಗೆ ನಿಲ್ಲುತ್ತಿತ್ತು. ಭೂಮಿಯ ಮೇಲೆ ನಾವಿಕರ ಸೂಜಿ ವರ್ತಿಸುತ್ತಿದ್ದುದೂ ಹೀಗೆಯೇ. ಭೂಮಿಯೇ ಒಂದು ದೊಡ್ಡ ಮ್ಯಾಗ್ನೆಟ್ ಎಂದು ಅವರು 1600ರಲ್ಲಿ ಬರೆದರು.

ಅವರು ಹೇಳಿದ್ದು ಸರಿ. ಆದರೆ ಭೂಮಿಯ ಹೊಟ್ಟೆಯಲ್ಲಿ ಸೂಜಿಗಲ್ಲು ಇಲ್ಲ. ಮ್ಯಾಗ್ನಟೈಟ್ 580 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ, ಕಬ್ಬಿಣ 770ರಲ್ಲಿ. ಭೂಮಿಯ ಆಳದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಅಲ್ಲಿ ಕೆಲಸ ಮಾಡುವುದು ಹೊರಗರ್ಭದಲ್ಲಿ, ಅಂದರೆ ಭೂಮಿಯ ನಡುಗಟ್ಟಿನ ಹೊರ ಪದರದಲ್ಲಿ, ಹರಿಯುತ್ತಿರುವ ದ್ರವ ಕಬ್ಬಿಣ. ಆ ಹರಿವಿನಿಂದ ವಿದ್ಯುತ್ ಪ್ರವಾಹ, ವಿದ್ಯುತ್ತಿನಿಂದ ಕಾಂತಕ್ಷೇತ್ರ. ವಿದ್ಯುತ್ತಿಗೂ ಕಾಂತಕ್ಕೂ ನಂಟಿದೆ ಎಂದು ತೋರಿಸಿಕೊಟ್ಟದ್ದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್. ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿ ಅಲುಗಿದ್ದನ್ನು ಅವರು ಕಂಡರು. ಇಲ್ಲಿ ಕ್ವಿಜ್‌ನವರು ಇಷ್ಟಪಡುವ ಒಂದು ತಿರುವು ಇದೆ. ಸೂಜಿಯ ಉತ್ತರ ತುದಿ ಉತ್ತರಕ್ಕೆ ಎಳೆಯಲ್ಪಡುತ್ತದೆ ಅಂದರೆ, ಭೂಮಿಯ ಉತ್ತರದಲ್ಲಿರುವುದು ಕಾಂತದ ಲೆಕ್ಕದಲ್ಲಿ ದಕ್ಷಿಣ ಧ್ರುವ. ವಿರುದ್ಧ ತುದಿಗಳೇ ತಾನೆ ಆಕರ್ಷಿಸುವುದು.

ಮ್ಯಾಗ್ಮಾ ಹೆಸರಿನಲ್ಲಿ ಒಂಟಿ ಎಂದೆ. ಗ್ರೀಕಿನಲ್ಲಿ ಅದರ ಅರ್ಥ ನಾದಿದ ಮುದ್ದೆ. ಭೂಮಿಯೊಳಗೆ ಕರಗಿದ ಬಂಡೆ, ಅದರಲ್ಲಿ ತೇಲುವ ಹರಳುಗಳು ಮತ್ತು ಕರಗಿಕೊಂಡ ಅನಿಲಗಳು ಸೇರಿದ್ದು ಮ್ಯಾಗ್ಮಾ. ಮೇಲಕ್ಕೆ ಬಂದು ಹರಿದರೆ ಅದೇ ಲಾವಾ. ಭೂಮಿಯ ತೊಗಟೆಯ ಕೆಳಗೆ ಎಲ್ಲ ಕಡೆ ಮ್ಯಾಗ್ಮಾದ ಸಮುದ್ರ ಇದೆ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ತೊಗಟೆಯ ಕೆಳಗಿನ ದಪ್ಪ ಪದರ, ಅಂದರೆ ಮ್ಯಾಂಟಲ್, ಬಹುಮಟ್ಟಿಗೆ ಗಟ್ಟಿ ಬಂಡೆಯೇ. ವಿಪರೀತ ಬಿಸಿ ಇದ್ದರೂ ಮೇಲಿನ ಒತ್ತಡ ಅದನ್ನು ಕರಗಲು ಬಿಡುವುದಿಲ್ಲ. ಬಂಡೆ ಮೇಲಕ್ಕೆ ಏರಿ ಒತ್ತಡ ಇಳಿದಾಗ, ಅಥವಾ ಕೆಳಗೆ ಜಾರಿದ ಭೂತೊಗಟೆಯ ತಟ್ಟೆಯಿಂದ ನೀರು ಸೇರಿ ಕರಗುವ ಬಿಂದು ಇಳಿದಾಗ, ಅಲ್ಲಲ್ಲಿ ಮಾತ್ರ ಕರಗುತ್ತದೆ. ಸಿಲಿಕಾ (ಮರಳಿನಲ್ಲಿರುವ ಮುಖ್ಯ ವಸ್ತು) ಕಡಿಮೆ ಇದ್ದರೆ ಮ್ಯಾಗ್ಮಾ ತೆಳು. ಹವಾಯಿಯಲ್ಲಿ ಆಗುವಂತೆ ಸುಮಾರು 1,000 ರಿಂದ 1,200 ಡಿಗ್ರಿಯಲ್ಲಿ ಸರಾಗವಾಗಿ ಹರಿಯುತ್ತದೆ. ಸಿಲಿಕಾ ಜಾಸ್ತಿ ಇದ್ದರೆ ಗಟ್ಟಿ ಅಂಟು. ಅನಿಲ ಹೊರಹೋಗಲಾರದೆ ಒಳಗೇ ಕಟ್ಟಿಕೊಳ್ಳುತ್ತದೆ, ಕೊನೆಗೆ ಸ್ಫೋಟ. 1980ರ ಮೇ 18ರಂದು ಅಮೆರಿಕದ ಮೌಂಟ್ ಸೇಂಟ್ ಹೆಲೆನ್ಸ್ ಸಿಡಿದದ್ದು ಇಂಥ ಅಂಟು ಮ್ಯಾಗ್ಮಾದಿಂದ.

ಹೆಸರಿನಲ್ಲಿ ನೆಂಟಸ್ತನ ಇಲ್ಲದ ಮ್ಯಾಗ್ಮಾ ಮತ್ತು ಮ್ಯಾಗ್ನೆಟ್ ಸಮುದ್ರದ ತಳದಲ್ಲಿ ಸೇರಿಕೊಳ್ಳುತ್ತವೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸಾಗರದ ನಡುವಿನ ಏಣುಗಳಲ್ಲಿ (ನೀರಿನಡಿಯ ಉದ್ದನೆಯ ಬೆಟ್ಟಸಾಲುಗಳಲ್ಲಿ) ಮ್ಯಾಗ್ಮಾ ಮೇಲೆ ಬಂದು ಗಟ್ಟಿಯಾಗಿ ಹೊಸ ತಳವಾಗುತ್ತದೆ. ಅದರಲ್ಲಿ ಮ್ಯಾಗ್ನಟೈಟ್‌ನಂಥ ಖನಿಜದ ಸಣ್ಣ ಕಣಗಳಿರುತ್ತವೆ. ಬಂಡೆ ಗಟ್ಟಿಯಾದ ಮೇಲೂ ತಣಿಯುತ್ತಾ ಹೋಗುತ್ತದೆ. ಆ ಖನಿಜ ಕಾಂತಗುಣ ಕಳೆದುಕೊಳ್ಳುವ ಬಿಸಿಗಿಂತ ಕೆಳಗಿಳಿದಾಗ, ಆ ಹೊತ್ತಿನಲ್ಲಿ ಭೂಮಿಯ ಕಾಂತಕ್ಷೇತ್ರ ಯಾವ ಕಡೆಗಿತ್ತೋ ಆ ದಿಕ್ಕು ಕಣಗಳಲ್ಲಿ ಅಚ್ಚಾಗಿಬಿಡುತ್ತದೆ. ಭೂಮಿಯ ಕಾಂತಕ್ಷೇತ್ರ ಆಗಾಗ ತಲೆಕೆಳಗಾಗುತ್ತದೆ. ಕೊನೆಯ ಬಾರಿ ಪೂರ್ತಿ ತಿರುಗಿದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಹಾಗಾಗಿ ಏಣಿನ ಎರಡೂ ಕಡೆ ಒಂದು ಪಟ್ಟಿ ಈ ದಿಕ್ಕು, ಮುಂದಿನ ಪಟ್ಟಿ ಆ ದಿಕ್ಕು. ಎಡಕ್ಕೆ ಇರುವ ಪಟ್ಟಿಗಳೇ ಬಲಕ್ಕೂ. 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಈ ಪಟ್ಟಿಗಳ ಅರ್ಥ ಬಿಡಿಸಿದರು: ಸಮುದ್ರದ ತಳ ನಡುವಿನಿಂದ ಎರಡೂ ಕಡೆಗೆ ಹರಡುತ್ತಿದೆ. ಖಂಡಗಳು ಚಲಿಸುತ್ತವೆ ಎಂಬುದನ್ನು ವಿಜ್ಞಾನಿಗಳು ಒಪ್ಪಲು ಇದು ಬಲವಾದ ಕಾರಣವಾಯಿತು.

ಇನ್ನು ‘ದೊಡ್ಡದು’ ಎಂಬ ಅರ್ಥದ ಎರಡು ಹೆಸರು. ಮ್ಯಾಗ್ನಾ ಕಾರ್ಟಾ ಅಂದರೆ ಮಹಾ ಸನ್ನದು. 1215ರ ಜೂನ್ 15ರಂದು ಥೇಮ್ಸ್ ನದಿಯ ಪಕ್ಕದ ರನ್ನಿಮೀಡ್ ಬಯಲಿನಲ್ಲಿ ಇಂಗ್ಲೆಂಡಿನ ದೊರೆ ಜಾನ್ ಇದಕ್ಕೆ ಒಪ್ಪಿಕೊಂಡ. ಸಹಿ ಹಾಕಿದ ಎಂದು ಬರೆಯುತ್ತಾರೆ, ಅದು ಸರಿಯಲ್ಲ. ಮುದ್ರೆ ಒತ್ತಲಾಯಿತು. ಈಗ ನಾವು ಎಣಿಸುವ ಲೆಕ್ಕದಲ್ಲಿ 63 ಕಲಮುಗಳು. ಬಹುಪಾಲು ಆ ಕಾಲದ ಜಮೀನುದಾರರ ತಕರಾರುಗಳು. ಥೇಮ್ಸ್ ನದಿಯಲ್ಲಿ ಮೀನು ಹಿಡಿಯಲು ಕಟ್ಟಿದ ಒಡ್ಡುಗಳನ್ನು ತೆಗೆಯಬೇಕು ಎಂಬ ಕಲಮೂ ಇದೆ. ಆದರೆ ಕಾನೂನಿನ ಪ್ರಕಾರವಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆ ಹಾಕುವಂತಿಲ್ಲ ಎನ್ನುವ 39ನೇ ಕಲಮು, ನ್ಯಾಯವನ್ನು ಮಾರುವಂತಿಲ್ಲ, ತಡಮಾಡುವಂತಿಲ್ಲ ಎನ್ನುವ 40ನೇ ಕಲಮು ಇವತ್ತಿಗೂ ಜೀವಂತ.

ಆ ವರ್ಷ ಅದು ಬಾಳಿದ್ದು ಹತ್ತು ವಾರದಷ್ಟೇ. ಆಗಸ್ಟ್‌ನಲ್ಲೇ ಪೋಪ್ ಮೂರನೇ ಇನೊಸೆಂಟ್ ರದ್ದು ಮಾಡಿದರು. ಜಾನ್ ಸತ್ತ ಮೇಲೆ 1216, 1217, 1225ರಲ್ಲಿ ತಿದ್ದುಪಡಿಯೊಂದಿಗೆ ಮತ್ತೆ ಹೊರಡಿಸಿದರು. ‘ಮಹಾ’ ಎಂಬ ಹೆಸರು ಬಂದದ್ದೂ ಹಿರಿಮೆ ಹೊಗಳಲು ಅಲ್ಲ. 1217ರಲ್ಲಿ ಕಾಡಿನ ಹಕ್ಕುಗಳ ಬಗ್ಗೆ ಇನ್ನೊಂದು ಚಿಕ್ಕ ಸನ್ನದು ಬಂತು. ಎರಡನ್ನೂ ಬೇರೆಯಾಗಿ ಗುರುತಿಸಬೇಕಲ್ಲ, ಇದು ದೊಡ್ಡದಾಯಿತು.

ಮ್ಯಾಗ್ನಿಟ್ಯೂಡ್ ಅಂದರೆ ಪ್ರಮಾಣ. ಈ ಪದ ಎರಡು ಕಡೆ ಬರುತ್ತದೆ, ಎರಡೂ ಕಡೆ ಒಂದಕ್ಕೊಂದು ಉಲ್ಟಾ ನಡೆಯುತ್ತದೆ. ನಕ್ಷತ್ರಗಳಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಜಾಸ್ತಿ. ಗ್ರೀಕ್ ಕಾಲದಲ್ಲಿ ಅತಿ ಹೊಳೆಯುವವನ್ನು ಒಂದನೇ ದರ್ಜೆ, ಕಣ್ಣಿಗೆ ಕಷ್ಟಪಟ್ಟು ಕಾಣುವವನ್ನು ಆರನೇ ದರ್ಜೆ ಎಂದು ಇಟ್ಟದ್ದೇ ಇದಕ್ಕೆ ಮೂಲ. 1856ರಲ್ಲಿ ನಾರ್ಮನ್ ಪೋಗ್ಸನ್ ಇದಕ್ಕೆ ಲೆಕ್ಕ ಕಟ್ಟಿದರು. ಐದು ದರ್ಜೆಯ ವ್ಯತ್ಯಾಸ ಅಂದರೆ ಸರಿಯಾಗಿ ನೂರು ಪಟ್ಟು ಹೊಳಪು. ಸಿರಿಯಸ್ ನಕ್ಷತ್ರ ಮೈನಸ್ 1.46, ಹುಣ್ಣಿಮೆಯ ಚಂದ್ರ ಸುಮಾರು ಮೈನಸ್ 12.7, ಸೂರ್ಯ ಮೈನಸ್ 26.7. ಭೂಕಂಪದಲ್ಲಿ ಹಾಗಲ್ಲ, ಸಂಖ್ಯೆ ದೊಡ್ಡದಾದಷ್ಟೂ ಕಂಪ ದೊಡ್ಡದು. 1935ರಲ್ಲಿ ಚಾರ್ಲ್ಸ್ ರಿಕ್ಟರ್ ಮಾಪಕ ತಂದರು. ಈಗ ದೊಡ್ಡ ಕಂಪಗಳಿಗೆ ಬಳಸುವುದು 1979ರಲ್ಲಿ ಬಂದ ಮೊಮೆಂಟ್ ಮ್ಯಾಗ್ನಿಟ್ಯೂಡ್. ಒಂದು ಅಂಕ ಏರಿದರೆ ಅಲುಗಾಟದ ಅಳತೆ ಹತ್ತು ಪಟ್ಟು, ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಅಳೆದು ದಾಖಲಾದವುಗಳಲ್ಲಿ ಅತಿ ದೊಡ್ಡದು 1960ರ ಚಿಲಿಯ ಭೂಕಂಪ, 9.5.

ಮ್ಯಾಗೆಲನ್ ಬಗ್ಗೆ ಒಂದು ತಪ್ಪು ತುಂಬಾ ಕಡೆ ಕಾಣುತ್ತದೆ: ಭೂಮಿ ಸುತ್ತಿದ ಮೊದಲಿಗ. ಆತ ಸುತ್ತಿ ಮುಗಿಸಲಿಲ್ಲ. ಪೋರ್ಚುಗಲ್‌ನವನಾದರೂ ಸ್ಪೇನ್ ದೊರೆಯ ಪರವಾಗಿ 1519ರಲ್ಲಿ ಐದು ಹಡಗು ಕಟ್ಟಿಕೊಂಡು ಹೊರಟ. 1520ರ ಕೊನೆಯಲ್ಲಿ ದಕ್ಷಿಣ ಅಮೆರಿಕದ ತುದಿಯ ಜಲಸಂಧಿ ದಾಟಿ, ಮುಂದೆ ಸಿಕ್ಕ ಸಾಗರ ಶಾಂತವಾಗಿದೆ ಎಂದು ಅದಕ್ಕೆ ಪೆಸಿಫಿಕ್ ಎಂದು ಹೆಸರಿಟ್ಟ. 1521ರ ಏಪ್ರಿಲ್ 27ರಂದು ಫಿಲಿಪ್ಪೀನ್ಸ್‌ನ ಮಕ್ಟಾನ್ ದ್ವೀಪದಲ್ಲಿ ನಡೆದ ಕಾಳಗದಲ್ಲಿ ಸತ್ತ. 1522ರ ಸೆಪ್ಟೆಂಬರ್‌ನಲ್ಲಿ ‘ವಿಕ್ಟೋರಿಯಾ’ ಎಂಬ ಒಂದೇ ಹಡಗನ್ನು ಮನೆಗೆ ತಂದವರು ಹುವಾನ್ ಸೆಬಾಸ್ಟಿಯನ್ ಎಲ್ಕಾನೊ. ಹಡಗಿನಲ್ಲಿ ಉಳಿದಿದ್ದದ್ದು 18 ಯುರೋಪಿಯನ್ನರು. ದಿನಚರಿ ಬರೆಯುತ್ತಿದ್ದ ಪಿಗಾಫೆಟ್ಟಾ ಒಂದು ದಿನವನ್ನೂ ಬಿಡದೆ ಲೆಕ್ಕ ಇಟ್ಟಿದ್ದರು. ಆದರೂ ದಾರಿಯಲ್ಲಿ ಕೇಪ್ ವರ್ಡೆ ದ್ವೀಪಕ್ಕೆ ಬಂದಾಗ ಹಡಗಿನಲ್ಲಿ ಬುಧವಾರ, ದಡದಲ್ಲಿ ಗುರುವಾರ! ಪಶ್ಚಿಮಕ್ಕೆ ಸಾಗುತ್ತಾ ಭೂಮಿ ಸುತ್ತಿದವರು ಸೂರ್ಯನ ಒಂದು ಸುತ್ತು ಕಡಿಮೆ ಕಂಡಿದ್ದರು. ಇವತ್ತು ದಾಟಿದರೆ ತಾರೀಖು ಬದಲಾಗುವ ದಿನರೇಖೆ ಇರುವುದು ಈ ಲೆಕ್ಕ ಸರಿಮಾಡಲಿಕ್ಕೇ.

ಆತನ ಹೆಸರು ಆಕಾಶಕ್ಕೂ ಹೋಗಿದೆ. ದಕ್ಷಿಣದ ಆಕಾಶದಲ್ಲಿ ಬರಿಗಣ್ಣಿಗೆ ಮಸುಕಾದ ಎರಡು ತುಂಡು ಮೋಡದಂತೆ ಕಾಣುವ ಮ್ಯಾಗೆಲನ್ ಮೋಡಗಳು ನಿಜಕ್ಕೂ ಎರಡು ಸಣ್ಣ ಗ್ಯಾಲಕ್ಸಿಗಳು. ದೊಡ್ಡದು ಸುಮಾರು 1,60,000 ಜ್ಯೋತಿರ್ವರ್ಷ ದೂರ, ಚಿಕ್ಕದು ಸುಮಾರು 2,00,000. ಇಲ್ಲಿ ನಿಮ್ಮ ಪಟ್ಟಿಯ ಎರಡು ಹೆಸರು ಮತ್ತೆ ಸೇರುತ್ತವೆ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಚಿಕ್ಕ ಮೋಡದ ಫೋಟೋ ಗಾಜುಗಳನ್ನು ನೋಡುತ್ತಾ, ಹೊಳಪು ಏರಿಳಿಯುವ 25 ನಕ್ಷತ್ರಗಳ ಮ್ಯಾಗ್ನಿಟ್ಯೂಡ್ ಅಳೆದರು. ಅವೆಲ್ಲ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ. ಆದ್ದರಿಂದ ಹೊಳಪನ್ನು ನೇರವಾಗಿ ಹೋಲಿಸಬಹುದು. ಏರಿಳಿತದ ಅವಧಿ ಉದ್ದವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶಮಾನ ಎಂದು ಅವರು 1912ರಲ್ಲಿ ತೋರಿಸಿದರು. ಅವಧಿ ಅಳೆದರೆ ನಿಜವಾದ ಪ್ರಕಾಶ ಗೊತ್ತು, ಕಾಣುವ ಹೊಳಪಿನ ಜೊತೆ ಹೋಲಿಸಿದರೆ ದೂರ ಗೊತ್ತು. ಇದೇ ಅಳತೆಗೋಲು ಹಿಡಿದು ಎಡ್ವಿನ್ ಹಬಲ್ 1920ರ ದಶಕದಲ್ಲಿ ಆಂಡ್ರೊಮೆಡಾ ಎಂಬ ಗ್ಯಾಲಕ್ಸಿ ನಮ್ಮ ಗ್ಯಾಲಕ್ಸಿಯ ಹೊರಗಿದೆ ಎಂದು ಸಾಧಿಸಿದರು. ಲೆವಿಟ್‌ಗೆ ಸಿಗಬೇಕಾದ ಮನ್ನಣೆ ಅವರ ಜೀವಮಾನದಲ್ಲಿ ಸಿಗಲಿಲ್ಲ. ನಿಮ್ಮ ನೋಟ್ಸ್‌ನಲ್ಲಿ ಅವರ ಹೆಸರನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

ಮ್ಯಾಗ್ನೋಲಿಯಾ ಬೇಗ ಮುಗಿಸುತ್ತೇನೆ. ಫ್ರಾನ್ಸಿನ ಮೊಂಪೆಲಿಯೆ ನಗರದ ಪಿಯೆರ್ ಮ್ಯಾಗ್ನೋಲ್ (1638–1715) ಗೌರವಾರ್ಥ ಇಟ್ಟ ಹೆಸರು. ನಮ್ಮ ಸಂಪಿಗೆಯೂ ಇದೇ ಕುಲ. ಹಳೆಯ ಪುಸ್ತಕದಲ್ಲಿ ಮೈಕೇಲಿಯಾ ಚಂಪಕ ಎಂದಿದ್ದದ್ದು ಈಗ ಮ್ಯಾಗ್ನೋಲಿಯಾ ಚಂಪಕ. ಬಹಳ ಪುರಾತನ ಬಗೆಯ ಹೂವು ಇದು. ಜೇನುನೊಣಗಳಿಗಿಂತ ಮೊದಲೇ ಇಂಥ ಹೂಗಳಿದ್ದವು, ಪರಾಗ ಸಾಗಿಸಲು ದುಂಬಿಗಳ ನೆರವು ಪಡೆಯುತ್ತಿದ್ದವು. ಆದರೆ ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ಮ್ಯಾಗ್ನೋಲ್ ಮಾಡಿದ ಕೆಲಸ. ಗಿಡಗಳನ್ನು ಒಂದೆರಡು ಲಕ್ಷಣ ಹಿಡಿದು ಜೋಡಿಸುತ್ತಿದ್ದ ಕಾಲದಲ್ಲಿ, ಇಡೀ ಗಿಡದ ಹೋಲಿಕೆ ನೋಡಿ ಅವನ್ನು ‘ಕುಟುಂಬ’ಗಳಾಗಿ ಸೇರಿಸಬೇಕು ಎಂದು 1689ರಲ್ಲಿ ಹೇಳಿದವರು ಅವರು.

ಮ್ಯಾಗ್ಡೆಬರ್ಗ್‌ಗೆ ಒಂದೇ ಚಿತ್ರ ಸಾಕು. ಆ ಊರಿನ ಮೇಯರ್ ಆಟೊ ಫಾನ್ ಗೆರಿಕೆ 17ನೇ ಶತಮಾನದ ನಡುವಿನಲ್ಲಿ ಎರಡು ತಾಮ್ರದ ಅರ್ಧಗೋಳಗಳನ್ನು ಬಾಯಿಗೆ ಬಾಯಿ ಕೂಡಿಸಿ, ಒಳಗಿನ ಗಾಳಿಯನ್ನು ತಾನೇ ಕಂಡುಹಿಡಿದ ಪಂಪಿನಿಂದ ತೆಗೆದರು. ಎರಡೂ ಕಡೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದರೂ ಸುಲಭಕ್ಕೆ ಬಿಡಲಿಲ್ಲ. ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ತೂಕದಷ್ಟು ಒತ್ತುತ್ತದೆ. ಅರ್ಧ ಮೀಟರ್ ಅಗಲದ ಗೋಳಕ್ಕೆ ಅದು ಹತ್ತಿರ ಹತ್ತಿರ ಎರಡು ಟನ್ ಆಗುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅಕ್ಷರ ಕ್ರಮದಲ್ಲಿ ಓದುವುದು ತಪ್ಪೇನಲ್ಲ. ಹೊಸ ಸಂಗತಿಗಳು ಕಣ್ಣಿಗೆ ಬೀಳುವುದು ಹಾಗೆಯೇ. ಆದರೆ ನೋಟ್ಸ್ ಮಾತ್ರ ಆ ಕ್ರಮದಲ್ಲಿ ಬರೆಯಬೇಡಿ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿ, ಪ್ರತಿ ಹೆಸರಿನ ಮುಂದೆ ಎರಡು ವಿಷಯ ಬರೆಯಿರಿ: ಹೆಸರು ಎಲ್ಲಿಂದ ಬಂತು, ಅದು ಮಾಡುವ ಒಂದು ಕೆಲಸ ಏನು. ಆಮೇಲೆ ಮ್ಯಾಗ್ನೀಸಿಯಂ ಅನ್ನು ಎಲೆಯ ಪುಟಕ್ಕೆ, ಮ್ಯಾಗ್ಮಾವನ್ನು ಸಮುದ್ರತಳದ ಪುಟಕ್ಕೆ, ಮ್ಯಾಗೆಲನ್ ಮೋಡಗಳನ್ನು ದೂರ ಅಳೆಯುವ ಪುಟಕ್ಕೆ ಸೇರಿಸಿ. ಅದಲು ಬದಲಾಗುವ ಜೋಡಿಯನ್ನು ಬೇರೆ ಬೇರೆ ದಿನ ಓದಬೇಡಿ. ಒಂದೇ ಪುಟದಲ್ಲಿ ಎದುರುಬದುರು ಇಟ್ಟು ವ್ಯತ್ಯಾಸ ಬರೆಯಿರಿ. ಬೇರೆ ಬೇರೆಯಾಗಿ ಓದಿದರೆ ಎರಡೂ ಗೊತ್ತು ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಎರಡೂ ಆಯ್ಕೆ ಪಕ್ಕಪಕ್ಕ ಕಂಡಾಗ ಕೈ ನಡುಗುತ್ತದೆ.

ಮುಂದಿನ ಗುಂಪಿಗೆ ಹೀಲಿಯಂ, ಹೀಲಿಯೋಗ್ರಾಫ್ (ಕನ್ನಡಿಯಿಂದ ಬಿಸಿಲು ಹೊಳೆಯಿಸಿ ಸಂದೇಶ ಕಳಿಸುವ ಸಾಧನ), ಹೆಲಿಕಾಪ್ಟರ್, ಹೆಲಿಕೊಬ್ಯಾಕ್ಟರ್ ತೆಗೆದುಕೊಳ್ಳಿ. ಮೊದಲೆರಡು ಸೂರ್ಯನ ಹೆಸರಿನವು. ಹೀಲಿಯಂನ ಗುರುತು 1868ರಲ್ಲಿ ಸೂರ್ಯನ ಬೆಳಕಿನಲ್ಲಿ ಸಿಕ್ಕಿತು. ಭೂಮಿಯ ಖನಿಜದಿಂದ ಅದನ್ನು ವಿಲಿಯಂ ರಾಮ್ಸೆ ಬೇರ್ಪಡಿಸಿದ್ದು 1895ರಲ್ಲಿ. ಉಳಿದೆರಡು ಸುರುಳಿಯ ಹೆಸರಿನವು. ಅವುಗಳಲ್ಲಿ ಒಂದು ಹಾರುತ್ತದೆ, ಇನ್ನೊಂದು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ. ಹುಣ್ಣಿನ ಕಾರಣ ಕಂಡುಹಿಡಿದ ಇಬ್ಬರಿಗೆ 2005ರಲ್ಲಿ ನೊಬೆಲ್ ಬಂತು. ಅವರ ಹೆಸರು, ಅವರಲ್ಲಿ ಒಬ್ಬರು ತಮ್ಮ ಮೇಲೆಯೇ ಮಾಡಿಕೊಂಡ ಪ್ರಯೋಗ, ಎರಡನ್ನೂ ನೀವೇ ಹುಡುಕಿ ಬರೆಯಿರಿ.